ಗಾಬರಿಯಾದ ಕಂಪ್ಯೂಟರ್

ಮಿರಜಿನ ಆಸ್ಪತ್ರೆಯೊಂದರ ಲ್ಯಾಬಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಅದು ನಿಂತುಹೋಗಿದೆ ಎಂದು ಕರೆ ಬಂತು; ರಿಪೇರಿಗೆ ಹೋದವನು ನಾನು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ‘ಪ್ಯಾನಿಕ್’ ಎಂದು ಮೂಡಿತ್ತು. ಯಾವ ಕೀಲಿ ಒತ್ತಿದರೂ ಅಲ್ಲಾಡಲಿಲ್ಲ.

“ಗಾಬರಿ ಆಗೇತೇನ್ರಿ ಅದಕ್ಕ?” ಎಂದರು ಮ್ಯಾನೇಜರ್ ಪಾಟೀಲರು.

“ಹೌದ್ರಿ. ಒಳಗ ಕರ್ನಲ್ ಅಂತ ಇರತೈತಿ, ಎಲ್ಲಾ ಕೆಲಸ ನಡಸೂದು ಅದ. ತನ್ನ ನೆನಪಿನಾಗ ಏನೋ ಕೆಟ್ಟೈತಿ ಅಂತ ಗೊತ್ತಾದ್ರ ಮುಂದ ಹೋಗೂದಿಲ್ಲ. ಹೋದ್ರ ಒಬ್ಬರ ರಿಪೋರ್ಟು ಇನ್ನೊಬ್ಬರ ಹೆಸರಿಗೆ ಬರೆದೀತು. ಅದಕ್ಕ ತಾನ ನಿಂತಬಿಡತೈತಿ.”

“ನಿಲ್ಲದಂಗ ಮಾಡ್ರಿ. ತಪ್ಪಿದ್ರ ಆಮ್ಯಾಲ ತಿದ್ದಿದ್ರಾತು.”

ಬಾಗಿಲಲ್ಲಿ ಅಥಣಿ ಕಡೆಯ ಹೆಂಗಸೊಬ್ಬರು ನಿಂತಿದ್ದರು. ಅವರ ಗಂಡನ ರಕ್ತದ ರಿಪೋರ್ಟು ಕಂಪ್ಯೂಟರಿನಲ್ಲೇ ಸಿಕ್ಕಿಕೊಂಡಿತ್ತು; ಅದು ಬಾರದೆ ಆಪರೇಷನ್ ಮಾಡುವಂತಿರಲಿಲ್ಲ. ಬಯ್ಯುತ್ತಾರೆ ಎಂದುಕೊಂಡೆ.

“ತಿಳೀಲಾರದ್ದಕ್ಕ ನಿಂತೈತಿ, ಚಲೋ ಆತಲ್ರಿ ಸಾಹೇಬ್ರ,” ಎಂದರು ಅವರು. “ನಮ್ಮೂರ ಡಾಕ್ಟರು ನಿಲ್ಲಲೇ ಇಲ್ಲ. ಏನಾಗೇತಿ ಅಂತ ತಿಳೀದಿದ್ರೂ ಇಂಜೆಕ್ಷನ್ ಮಾಡಕೋಂತನ ಹೋದ್ರು. ಕಡೀಕ ಇಲ್ಲಿಗೆ ಬರೂದಾತು.”

ಲ್ಯಾಬಿನವರೊಬ್ಬರು ಎದ್ದು ಆಕೆಯ ಗಂಡನ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಕೈಯಲ್ಲೇ ಬರೆದುಕೊಟ್ಟರು. ಸಂಜೆ ಆಪರೇಷನ್ ಆಯಿತು; ಮನುಷ್ಯ ಉಳಿದುಕೊಂಡ. ನಾನು ಕಂಪ್ಯೂಟರಿನೊಳಗೆ ಕೆಟ್ಟಿದ್ದ ಮೆಮರಿ ಬೋರ್ಡ್ ಬದಲಿಸಿದ್ದೆ. ನಿಲ್ಲದಂತೆ ಮಾಡಿ ಎಂದು ಪಾಟೀಲರು ಮತ್ತೆ ಹೇಳಲಿಲ್ಲ.

ಆಕೆಯನ್ನು ಮಾತ್ರ ಪಕ್ಕಕ್ಕೆ ಕರೆದು ಆ ಡಾಕ್ಟರ ಹೆಸರು ಕೇಳಿದರು. ಆಕೆ ಹೇಳಿದರು.

“ಛೇ, ಹಂಗನಬ್ಯಾಡ್ರಿ ಅಕ್ಕಾರ,” ಎಂದರು ಪಾಟೀಲರು. “ಭಾಳ ಚಲೋ ಡಾಕ್ಟರು. ವಾರಾ ವಾರಾ ನಮಗ ಪೇಶಂಟ್ ಕಳಸ್ತಾರ.”