ಉಣ್ಣೋ ಕೈಯ ಗಾಳಿ

ಇವತ್ತು ಆಳಂದದ ತಂಗಿ ನೀಲಾಳ ಮನೆಯಲ್ಲಿ ಊಟಕ್ಕೆ ಕೂತಾಗ ಟಿವಿಯಲ್ಲಿ ಹಾಯಿದೋಣಿಗಳ ಪಂದ್ಯ ನಡೆದಿತ್ತು. ಎದುರಾದ ಎರಡು ದೋಣಿಗಳಲ್ಲಿ ಒಂದು ಸರಕ್ಕನೆ ಹೊರಳಿ ಇನ್ನೊಂದಕ್ಕೆ ದಾರಿ ಕೊಟ್ಟಿತು. ನನಗೆ ಹಸಿ ಜೋಳದ ದಂಟಿನ ವಾಸನೆ ಬಂದಂತಾಯಿತು.

ಚಿಕ್ಕವರಿದ್ದಾಗ ಸೊನ್ನದ ಬ್ಯಾರೇಜಿನ ಹಿನ್ನೀರಿನಲ್ಲಿ ನಾವು ದಂಟಿನ ದೋಣಿಗೆ ಹಳೆ ಧೋತರದ ಚೂರನ್ನು ಹಾಯಿಯಾಗಿ ಕಟ್ಟಿ, ಮೊಣಕಾಲುದ್ದ ನೀರಲ್ಲಿ ನಿಂತು ದಾರದಿಂದ ತಿರುಗಿಸುತ್ತಿದ್ದೆವು. ಮುಂಬಯಿಯಲ್ಲಿ ಹಡಗಿನ ಕೆಲಸಕ್ಕಿದ್ದ ಕಾಕಾ ರಜೆಗೆ ಬಂದಾಗ ಕಾಯ್ದೆ ಕಲಿಸಿದ್ದ: "ಉಣ್ಣೋ ಕೈ ಕಡೀಂದ ಗಾಳಿ ಬಿದ್ದ ದೋಣಿ ಮೊದಲ ಹೋಗ್ತದ. ಇನ್ನೊಬ್ರು ಹಾದಿ ಬಿಡಬೇಕು, ತಂಟಿ ಮಾಡಬಾರ್ದು."

ಒಂದು ಸಂಜೆ ನನ್ನ ದೋಣಿಯೂ ನೀಲಾಳದೂ ಎದುರಾದವು; ನನ್ನದಕ್ಕೆ ಗಾಳಿ ಬಲದಿಂದ, ಅವಳದಕ್ಕೆ ಎಡದಿಂದ.

"ಉಣ್ಣೋ ಕೈ! ಹಾದಿ ಬಿಡ ಬೇ!" ಎಂದು ನಾನು ಕೂಗಿದೆ.

"ನಂದೂ ಉಣ್ಣೋ ಕೈ! ನೀನ ಬಿಡು, ಅಣ್ಣಾ!" ಎಂದಳು ಅವಳು.

ಎರಡೂ ಡಿಕ್ಕಿ ಹೊಡೆದು ಮಗುಚಿದವು. ಸುತ್ತಲಿನ ಹುಡುಗರೆಲ್ಲ ನಕ್ಕರು. ನೀಲಾ ಎಡಗೈಯವಳು; ಅದಕ್ಕಾಗಿ ಊಟಕ್ಕೆ ಕೂತಾಗೆಲ್ಲ ಅವ್ವನಿಂದ ಬೈಸಿಕೊಳ್ಳುತ್ತಿದ್ದಳು. ಅವಳ ಕಣ್ಣು ತುಂಬಿದವು.

"ನಾ ಈ ಕೈಲೆ ಉಣ್ತೇನಲ್ಲ, ಕಾಕಾ?"

ದಂಡೆಯಲ್ಲಿದ್ದ ಕಾಕಾ ನಗಲಿಲ್ಲ. "ಹೌದವ್ವ. ತಪ್ಪ ನಂದ ಅದ. ನಿನ್ನ ಕೈ ಮರತು ಕಾಯ್ದೆ ಹೇಳೇನಿ."

ಅಂದು ರಾತ್ರಿ ಊಟಕ್ಕೆ ಕೂತ ಕಾಕಾ ಎಡಗೈಯಿಂದಲೇ ರೊಟ್ಟಿ ಮುರಿದ. ಪುಂಡಿಪಲ್ಯ ಅಂಗಿಯ ಮೇಲೆಲ್ಲ ಬಿತ್ತು.

"ಇದೇನ್ ಮಾಡಾಕತ್ತೀರಿ?" ಎಂದು ಅವ್ವ ಬೆರಗಾದಳು.

"ಆಕಿಗಿ ಹಾದಿ ಬಿಡಾಕತ್ತೇನ್ರಿ, ವೈನಿ."

ಆಮೇಲೆ ಅವ್ವ ಎಂದೂ ನೀಲಾಳ ಕೈಯ ಮಾತೆತ್ತಲಿಲ್ಲ.

ಇವತ್ತು ನಾನು ಕೂತದ್ದು ನೀಲಾಳ ಎಡಕ್ಕೆ. ಅವಳು ರೊಟ್ಟಿಗೆ ಎಡಗೈ ಚಾಚಿದಾಗ, ಮೊಳಕೈ ತಾಗುವ ಮೊದಲೇ ನನ್ನ ತಾಟು ಆಚೆ ಸರಿಸಿದೆ. ಟಿವಿಯಿಂದ ಕಣ್ಣು ತೆಗೆಯದೆ ಅವಳು ಮೆಲ್ಲಗೆ ಅಂದಳು:

"ಉಣ್ಣೋ ಕೈ."