ಕಾಕುವಿಗೊಂದು ಕಬ್ಬಿನ ಕೋಣೆ

ಮೊನ್ನೆ ಕಂಪನಿಯೊಂದರ ಮನುಷ್ಯ ಬಂದು ನನ್ನ ಮೇಜಿನ ಮೇಲೆ ಕಬ್ಬಿನ ಸಿಪ್ಪೆಯಿಂದ ಮಾಡಿದ ಹಲಗೆಯೊಂದನ್ನಿಟ್ಟ. ಮೂಗಿಗೆ ಹಿಡಿದೆ. ಸಿಹಿಯೂ ಅಲ್ಲದ, ಹುಳಿಯೂ ಅಲ್ಲದ ಆ ವಾಸನೆ ನನ್ನನ್ನು ನೇರ ನಮ್ಮೂರು ಕಣಗಲಾಕ್ಕೆ, ಚಿಕ್ಕಪ್ಪನ ಹೆಂಡತಿ ಪದ್ಮಾ ಕಾಕುವಿನ ಹಿತ್ತಲಿಗೆ ಎಳೆದೊಯ್ದಿತು. ಪಾಪ, ಅವನು ದರ ಹೇಳುತ್ತಲೇ ಇದ್ದ.

ತೊಂಬತ್ತರ ದಶಕದ ಕೊನೆ. ನಾನು ವಾಸ್ತುಶಿಲ್ಪ ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ಸಿಮೆಂಟು ಕಂಡರೆ ಮೈ ಉರಿಯುವ ವಯಸ್ಸು. ಕಬ್ಬಿನ ಸಿಪ್ಪೆ, ಮಣ್ಣು, ಸಗಣಿ ಕಲಸಿ ಕೋಣೆ ಕಟ್ಟುವುದು, ಗೋಡೆಯ ಮೇಲೆ ಹುಲ್ಲು ಬೆಳೆಸುವುದು ನನ್ನ ಸಂಶೋಧನೆ. ನಗಬೇಡಿ, ಜಗತ್ತು ಉಳಿಯುವುದು ಇದರಿಂದಲೇ ಎಂದು ನಂಬಿದ್ದೆ. ಪದವಿಯೂ ಇದರಿಂದಲೇ ಬರಬೇಕಿತ್ತು. ಹಿತ್ತಲು ಕೊಟ್ಟ ಕಾಕುವಿನದು ಒಂದೇ ಕರಾರು: ಪರೀಕ್ಷೆ ಮುಗಿದ ಮೇಲೆ ಕೋಣೆ ಅವಳಿಗೆ. ಮಂದಿ ತುಂಬಿದ ನಮ್ಮ ಜೈನರ ಮನೆಯಲ್ಲಿ ಸಾಮಾಯಿಕಕ್ಕೆ, ಅಂದರೆ ದಿನವೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರುವುದಕ್ಕೆ, ಅವಳಿಗೆ ಅಡುಗೆಮನೆಯ ಬಾಗಿಲ ಹಿಂದಿನ ಸಂದಿಯಷ್ಟೇ ಇತ್ತು. ಅಲ್ಲಿ ಕೂತಳೆಂದರೆ ಯಾರಿಗಾದರೂ ಚಹಾದ ನೆನಪಾಗುತ್ತಿತ್ತು.

ಕೋಣೆ ಎದ್ದಿತು, ಗೋಡೆ ಹಸಿರಾಯಿತು. ಒಂದು ಮೂಲೆಯನ್ನು ಎಮ್ಮೆ ಮೇಯ್ದದ್ದನ್ನು ನಾನು ವರದಿಯಲ್ಲಿ ಬರೆಯಲಿಲ್ಲ. ಕಾಕು ಆಗಾಗ ಬಂದು ಹೊಸ್ತಿಲಾಚೆ ನಿಂತು, ತಾನು ಕೂರುವ ಜಾಗವನ್ನು ನೋಡಿ ಹೋಗುತ್ತಿದ್ದಳು.

ಅಷ್ಟರಲ್ಲಿ ಗೆದ್ದಲು ಹತ್ತಿತು. ನೋಡಲು ಬಂದ ಪ್ರಾಧ್ಯಾಪಕರು ಗೋಡೆ ತಟ್ಟಿ, “ಇವತ್ತ ಔಷಧ ಹೊಡಿ. ಇಲ್ಲಾಂದ್ರ ಮಳಿಗಾಲಕ್ಕ ಬೀಳತೈತಿ” ಎಂದರು.

ಡಬ್ಬಿ ಹಿಡಿದು ಹೊರಟೆ. ಕಾಕು ಅಡ್ಡ ನಿಂತಳು.

“ಏನದು?”

“ಒರಲಿ ಸಾಯೂ ಔಷಧ. ಹೊಡೀಲಿಲ್ಲಂದ್ರ ನಿನ್ನ ಖೋಲಿ ಉಳಿಯಂಗಿಲ್ಲ, ಕಾಕು.”

ಅವಳು ಹಸಿರು ಗೋಡೆಯ ಮೇಲೆ ಮೆಲ್ಲಗೆ ಕೈಯಾಡಿಸಿದಳು. ಅವಳಿಗೆ ಆ ಕೋಣೆ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಾದದ್ದು ಆಗಲೇ.

“ಅಷ್ಟೂ ಜೀವ ಕೊಂದು, ಒಳಗ ಹೋಗಿ ಏನಂತ ಕಣ್ಣ ಮುಚ್ಚಲೋ ತಮ್ಮಾ? ಬ್ಯಾಡ. ಖೋಲಿ ಅವಕ್ಕ ಇರಲಿ.”

ಮಳೆಗೆ ಕೋಣೆ ಕುಸಿಯಿತು. ‘ಪೂರ್ತಿ ಮಣ್ಣಿಗೆ ಮರಳಬಲ್ಲ ಕಟ್ಟಡ’ ಎಂದು ಹೊಗಳಿ ಪ್ರಾಧ್ಯಾಪಕರು ಒಳ್ಳೆಯ ಅಂಕ ಕೊಟ್ಟರು. ಜಗತ್ತು ಹೇಗೋ, ನಾನಂತೂ ಉಳಿದುಕೊಂಡೆ.

ಈಗ ನನ್ನನ್ನು ಹಸಿರು ಕಟ್ಟಡಗಳ ತಜ್ಞನೆಂದು ಭಾಷಣಕ್ಕೆ ಕರೆಯುತ್ತಾರೆ. ನನ್ನ ಪ್ರತಿ ಹಸಿರು ಕಟ್ಟಡದ ಬುನಾದಿಗೂ ಮೊದಲು ಬೀಳುವುದು ಗೆದ್ದಲಿನ ವಿಷ. ಭಾಷಣದಲ್ಲಿ ಆ ಮಾತು ಬರುವುದಿಲ್ಲ.

ಮೊನ್ನೆ ಆ ಹಲಗೆಯವನು ಹೋದ ಮೇಲೆ, ಸಂಜೆ ಕಾಕುವಿಗೆ ಫೋನ್ ಮಾಡಿದೆ. ಊಟ, ಆರೋಗ್ಯ ಎಲ್ಲ ವಿಚಾರಿಸಿದ ಮೇಲೆ ಅವಳು ಕೇಳಿದಳು:

“ಔಷಧ ಇಲ್ಲದ ಗ್ವಾಡಿ ಕಟ್ಟೂದು ಕಲ್ತಿ ಏನಪಾ?”

“ಇಲ್ಲ ಕಾಕು.”

“ಕಲಿ, ಕಲಿ. ಅವಸರೇನಿಲ್ಲ. ನಾ ಇನ್ನೂ ಬಾಗಲದ ಹಿಂದನ ಕುಂಡ್ರತೇನಿ.”