ಗ್ಲೆನಿಸಳ ಸೈಕಲ್ಲಿಗೆ ಕೊಟ್ಟಿಗೆಯ ರಬ್ಬರು

ರಿಂಗರೂಮಾ ಎಂಬ ಹಳ್ಳಿಯಲ್ಲಿ ಹಸು ಸಾಕಿಕೊಂಡಿದ್ದ ಗ್ಲೆನಿಸ್ ಪರ್ಟನ್‌ಗೆ ಏನನ್ನೂ ಎಸೆದು ಗೊತ್ತಿರಲಿಲ್ಲ. ಹಿಡಿ ಮುರಿದ ಕೆಟಲಿನಲ್ಲಿ ಪುದೀನ ಬೆಳೆಯುತ್ತಿತ್ತು. ಮಾವನ ಕಾಲದ ಕೋಟು ನಾಯಿಯ ಹಾಸಿಗೆಯಾಗಿತ್ತು. ಗಂಡ ಕ್ಲಿಫ್‌ನನ್ನೂ ಅದೇ ಕಾರಣಕ್ಕೆ ಇಟ್ಟುಕೊಂಡಿದ್ದೇನೆ ಎಂದು ಬಂದವರಿಗೆಲ್ಲ ಹೇಳುವಳು. ಕ್ಲಿಫ್ ಚಹಾದಲ್ಲಿ ಬಿಸ್ಕತ್ತು ಅದ್ದುತ್ತ, "ಹೌದ್ರಪ್ಪ, ನನಗೂ ಬಿಡಿಭಾಗ ಸಿಗಲ್ಲ" ಎನ್ನುವನು.

ಅವಳ ಮೌಂಟನ್ ಬೈಕು ಸೋದರಳಿಯನೊಬ್ಬ ಶೆಡ್ಡಿನಲ್ಲಿ ಬಿಟ್ಟುಹೋದದ್ದು. ಅಕ್ಕಪಕ್ಕದ ಹೊಲದವರು ಹಸು ಹೊಡೆದು ತರಲು ಮೋಟಾರುಬೈಕು ಹತ್ತಿದರೆ, ಗ್ಲೆನಿಸ್ ಇದನ್ನು ತುಳಿದುಕೊಂಡೇ ಹೋಗುವಳು. ಆದರೆ ಆ ವಸಂತದಲ್ಲಿ ಮುಂದಿನ ಚಕ್ರ ಹಿಡಿದು ಕುಲುಕಾಟ ತಡೆಯುವ ಫೋರ್ಕು ಕೈಕೊಟ್ಟಿತು. ಸಣ್ಣ ಕಲ್ಲು ಸಿಕ್ಕರೂ ಸಾಕು, ಮೊಣಕೈಯಿಂದ ಹಲ್ಲಿನವರೆಗೆ ನಡುಕ.

ಹತ್ತಿರದ ಡರ್ಬಿ ಊರಿನ ಸೈಕಲ್ ಅಂಗಡಿಯ ಕೀರನ್ ಅವಳ ಹಳೆಯ ಸ್ನೇಹಿತ. ಫೋರ್ಕನ್ನು ಅಲ್ಲಾಡಿಸಿ ನೋಡಿ, "ಒಳಗಿನ ಬಳೆ, ಅದೇ ಬುಷ್, ಸವೆದಿದೆ, ಸ್ಪ್ರಿಂಗ್ ಬದಲಿಗೆ ಇರೋ ರಬ್ಬರೂ ಹೋಗಿದೆ. ಇದರ ಸಾಮಾನು ಈಗ ಯಾರೂ ಮಾಡಲ್ಲ ಗ್ಲೆನ್. ಹೊಸದು ತಗೋ" ಎಂದ.

"ಹೊಸ ಫೋರ್ಕಿನ ಬೆಲೆಗೆ ಒಂದು ಕರು ಬರುತ್ತೆ ಕಣೋ."

"ಕರು ಮೇಲೆ ಕೂತ್ಕೊಂಡು ಹೋಗ್ತೀಯಾ ಹಾಗಾದ್ರೆ?"

ಗ್ಲೆನಿಸ್ ಮನೆಗೆ ಬಂದವಳೇ ಅಡುಗೆಮನೆಯ ಮೇಜಿನ ಮೇಲೆ ಫೋರ್ಕನ್ನು ಬಿಚ್ಚಿ ಹರವಿದಳು. ರಬ್ಬರೆಲ್ಲ ಕರಗಿ, ಮಳೆಗೆ ಸಿಕ್ಕ ಬೆಲ್ಲದ ಹಾಗೆ ಅಂಟಂಟಾಗಿತ್ತು. ಕೆರೆದು ತೆಗೆದು, ಕ್ಲಿಫ್‌ನ ಹವಾಯಿ ಚಪ್ಪಲಿಯನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ತುಂಬಿದಳು. ಮರುದಿನ ಮೊದಲ ಇಳಿಜಾರಿನಲ್ಲೇ ಚಪ್ಪಲಿ ಅಪ್ಪಚ್ಚಿಯಾಯಿತು. ಫೋರ್ಕು ತಳಕ್ಕೆ ಬಡಿದು, ಗ್ಲೆನಿಸ್ ಹ್ಯಾಂಡಲ್ ದಾಟಿ ಸಗಣಿ ಗುಂಡಿಗೆ ಇಳಿದಳು.

"ನನ್ನ ಚಪ್ಪಲಿ ಶಾಪ ಅದು" ಎಂದ ಕ್ಲಿಫ್, ಪೈಪು ಹಿಡಿದು ಅವಳ ಮೇಲೆ ನೀರು ಬಿಡುತ್ತ.

ಅಲ್ಲಿ ನೆನೆಯುತ್ತ ನಿಂತಾಗ ಅವಳ ಕಣ್ಣು ಕೊಟ್ಟಿಗೆಯ ಮೂಲೆಯ ಬಕೆಟ್ಟಿನ ಮೇಲೆ ಬಿತ್ತು. ಅದರಲ್ಲಿ ಹಾಲು ಕರೆಯುವ ಯಂತ್ರದ ರಬ್ಬರ್ ಕೊಳವೆಗಳು, ಕೆಚ್ಚಲ ತೊಟ್ಟಿಗೆ ಹಾಕುವಂಥವು. ಹಳೆಯದಾದವನ್ನು ಬದಲಿಸಿ ಬಕೆಟ್ಟಿಗೆ ಹಾಕುವುದು ವಾಡಿಕೆ; ಎಸೆಯುವುದಂತೂ ಇಲ್ಲವಲ್ಲ. ಗ್ಲೆನಿಸ್ ಒಂದರೊಳಗೊಂದು ತುರುಕಿ, ಅಳತೆಗೆ ಕತ್ತರಿಸಿ ಫೋರ್ಕಿನ ಎರಡೂ ಕಾಲುಗಳಿಗೆ ಇಳಿಸಿದಳು. ಸವೆದ ಬುಷ್‌ಗಳ ಹೊರಸುತ್ತಿಗೆ ಹಾಲಿನ ಬಾಟಲಿಯ ಪ್ಲಾಸ್ಟಿಕ್ಕಿನ ಪಟ್ಟಿ ಸುತ್ತಿ ಸಡಿಲ ತೆಗೆದಳು. ಮೊದಲು ಬಿಗಿಯಾಗಿ ಸಿಕ್ಕಿಕೊಂಡಿತು, ಉಜ್ಜಿ ತೆಳುವು ಮಾಡಿದಳು. ಗ್ರೀಸು ಹಚ್ಚಿ ಒತ್ತಿದರೆ ಫೋರ್ಕು ಮೆತ್ತಗೆ ಕುಸಿದು ಮೆತ್ತಗೆ ಎದ್ದಿತು. ಜೊತೆಗೊಂದು ಸದ್ದು: ಚಿಪ್... ಪುಸ್ಸ್.

"ಹಾಲು ಕರೆಯೋ ಯಂತ್ರದ ಸದ್ದೇ ಬಂತಲ್ಲೇ!" ಎಂದು ನಕ್ಕ ಕ್ಲಿಫ್. "ಇದರಲ್ಲಿ ನೀನು ಭಾನುವಾರದ ಗುಡ್ಡದ ಸೈಕಲ್ ಓಟ ಮುಗಿಸಿಬಿಟ್ರೆ, ಕ್ರಿಸ್‌ಮಸ್‌ವರೆಗೆ ಕೊಟ್ಟಿಗೆ ನಾನೇ ತೊಳೀತೀನಿ."

ಗ್ಲೆನಿಸ್ ಅಂದೇ ಹೆಸರು ಕೊಟ್ಟಳು.

ಓಟದ ದಾರಿ ಗುಡ್ಡದಿಂದಿಳಿದು ಪರ್ಟನ್‌ರ ಹುಲ್ಲುಗಾವಲಿನ ಬೇಲಿಯ ಗುಂಟ ಹೋಗುತ್ತಿತ್ತು. ಮೇಲಿನ ಬೇರು, ಬಂಡೆಗಳನ್ನೆಲ್ಲ ಫೋರ್ಕು ನುಂಗಿಕೊಂಡಿತು. ತನಗಿಂತ ಎಳೆಯರನ್ನು ಹಿಂದೆ ಹಾಕಿ ಗ್ಲೆನಿಸ್ ಹಲ್ಲು ಕಿರಿದಳು. ಬೇಲಿಯ ಬಳಿ ಬಂದಾಗ ಚಿಪ್-ಪುಸ್ಸ್, ಚಿಪ್-ಪುಸ್ಸ್. ಮೇಯುತ್ತಿದ್ದ ಹಸುಗಳು ತಲೆಯೆತ್ತಿದವು. ಕರೆಯುವ ಹೊತ್ತಾಯಿತೆಂದು ತಿಳಿದು ಬೇಲಿಯಾಚೆ ಅವಳ ಜೊತೆಗೇ ಓಡತೊಡಗಿದವು. ಹಳೆಯ ಗೇಟು ಅವುಗಳ ಭಾರಕ್ಕೆ ಬಿದ್ದೇಹೋಯಿತು. ಹಿಂಡಿಗೆ ಹಿಂಡೇ ದಾರಿಗಿಳಿಯಿತು.

"ಅಜ್ಜೀ, ನಿಮ್ಮ ಹಸುಗಳು!" ಎಂದು ಹಿಂದಿನವರ ಕೂಗು.

"ಗೊತ್ತು ಮಾರಾಯ, ಅವಕ್ಕೂ ನನ್ನ ಪರಿಚಯ ಇದೆ!"

ಮುಕ್ತಾಯದ ರಿಬ್ಬನ್ನು ಮರಗಳ ನಡುವೆ ಕಾಣುತ್ತಿತ್ತು. ಗ್ಲೆನಿಸ್ ಬ್ರೇಕು ಹಿಡಿದಳು. ಹಿಂಡಿನಲ್ಲಿ ಗಬ್ಬದ ಹಸುಗಳೂ ಇದ್ದವು, ಅವನ್ನು ಇಳಿಜಾರಿನಲ್ಲಿ ಓಡಿಸುವಂತಿರಲಿಲ್ಲ. ಸೈಕಲ್ ತಿರುಗಿಸಿ, ಹ್ಯಾಂಡಲ್ ಒತ್ತುತ್ತ ಒತ್ತುತ್ತ ಮೇಲಕ್ಕೆ ನಡೆದಳು. ಚಿಪ್-ಪುಸ್ಸ್. ಹಸುಗಳು ಶಾಲೆಯ ಮಕ್ಕಳಂತೆ ಹಿಂಬಾಲಿಸಿದವು. ಕೊಟ್ಟಿಗೆಗೆ ಸೇರಿಸಿ, ಗೇಟಿಗೆ ಹಗ್ಗ ಕಟ್ಟಿ, ಅವಳು ಮತ್ತೆ ಗುಡ್ಡವಿಳಿಯುವಷ್ಟರಲ್ಲಿ ಓಟದವರೆಲ್ಲರೂ ಅಲ್ಲಿ ಹಂಚಿದ ಪೈ ತಿಂಡಿ ತಿಂದು ಹೊರಟುಹೋಗಿದ್ದರು.

ರಿಬ್ಬನ್ನೂ ಬಿಚ್ಚಿಯಾಗಿತ್ತು. ಆದರೆ ಅದರ ಒಂದು ತುದಿ ಕೀರನ್ ಕೈಯಲ್ಲಿ, ಇನ್ನೊಂದು ಕ್ಲಿಫ್ ಕೈಯಲ್ಲಿ. ಇಬ್ಬರೂ ದಾರಿಗೆ ಅಡ್ಡವಾಗಿ ಎಳೆದುಹಿಡಿದು ನಿಂತಿದ್ದರು.

"ಬೇಗ ಬಾರೇ, ಕೈ ನೋಯ್ತಿದೆ!" ಎಂದು ಕೂಗಿದ ಕ್ಲಿಫ್.

ಗ್ಲೆನಿಸ್ ಎದೆಯಿಂದ ರಿಬ್ಬನ್ ಹರಿದುಕೊಂಡು ದಾಟಿದಳು. ನಗು ಬಂತು, ಯಾಕೋ ಕಣ್ಣೂ ಒದ್ದೆಯಾಯಿತು. ಧೂಳು ಎಂದಳು.

ಮರುದಿನ ಕ್ಲಿಫ್ ಗಂಬೂಟು ಹಾಕಿ, ಮಾತು ಕೊಟ್ಟಂತೆ ಕೊಟ್ಟಿಗೆ ತೊಳೆಯಲು ಇಳಿದ. ಗ್ಲೆನಿಸ್ ಬಾಗಿಲಲ್ಲಿ ಚಹಾ ಹಿಡಿದು ಕೂತಳು.

"ಆ ಮೂಲೆ ಬಿಟ್ಟೆ ನೋಡು" ಎಂದಳು.